ಮಂಗಳೂರಿಗೆ ಬಂದರೆ ಮೊದಲು ದಕ್ಕೆಗೆ ಹೋಗಿ

ಬೆಂಗಳೂರಿನಿಂದ ನೆಂಟರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ತಕರಾರು ನಡೆದೇ ನಡೆಯುತ್ತದೆ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಇಳಿದವರು ಬ್ಯಾಗು ಕೆಳಗಿಡುವ ಮೊದಲೇ ‘ಬೀಚು ಎಷ್ಟು ದೂರ?’ ಎಂದು ಕೇಳುತ್ತಾರೆ. ‘ಬೀಚು ಸಂಜೆಗಾಯಿತು, ಈಗ ದಕ್ಕೆಗೆ ಹೋಗುವ’ ಎಂದು ನಾನು. ಮೀನು ತಿನ್ನದವರು ಮೂಗು ಮುಚ್ಚಿಕೊಳ್ಳುತ್ತಾರೆ. ತಿನ್ನುವವರಿಗೂ ಬೆಳಿಗ್ಗೆ ಆರು ಗಂಟೆಗೆ ಮೀನು ತೊಳೆದ ನೀರಿನಲ್ಲಿ ಕಾಲಿಡುವ ಹುರುಪು ಇರುವುದಿಲ್ಲ. ಹೋಗಿ ಬಂದ ಮೇಲೆ ಮಾತ್ರ ಊರಿಗೆ ಮರಳುವವರೆಗೂ ಅದೇ ಸುದ್ದಿ.

ನನ್ನ ಹಟಕ್ಕೆ ಕಾರಣ ಉಂಟು. ಮಂಗಳೂರು ಕಡಲ ಬದಿಯ ಊರು ಹೌದು, ಆದರೆ ಹಳೆಯ ಪೇಟೆ ಕಡಲಿಗೆ ಮುಖ ಮಾಡಿ ಕೂತಿಲ್ಲ, ಹೊಳೆಗೆ ಮುಖ ಮಾಡಿ ಕೂತಿದೆ. ತೆಂಕಿನಿಂದ ನೇತ್ರಾವತಿ, ಬಡಗಿನಿಂದ ಗುರುಪುರ ಹೊಳೆ (ಪುಸ್ತಕಗಳಲ್ಲಿ ಇದರ ಹೆಸರು ಫಲ್ಗುಣಿ) ಬಂದು ಮರಳಿನ ದಿಬ್ಬವೊಂದರ ಹಿಂದೆ ಕೂಡಿ, ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಆ ದಿಬ್ಬವೇ ಬೆಂಗ್ರೆ. ಅದರ ಮರೆಯಲ್ಲಿ ಗಾಳಿಯೂ ಇಲ್ಲದ ಅಲೆಯೂ ಇಲ್ಲದ ಶಾಂತ ನೀರು; ಅಲ್ಲಿ ಹಳೆ ಬಂದರು. ಅಲ್ಲಿಂದ ಊರು ಮೂಡಣದ ಗುಡ್ಡೆಗಳನ್ನು ಹತ್ತುತ್ತಾ ಹೋಗಿದೆ. ಮೆಣಸು, ಅಕ್ಕಿ, ಆಮೇಲೆ ಹಂಚು, ಈಗ ಮೀನು — ಏನೇ ಹೋದರೂ ಬಂದರೂ ಈ ಬಾಗಿಲಿನಿಂದಲೇ. ಪೇಟೆಯ ಮಸೀದಿ, ಗುಡ್ಡೆಯ ಚಾಪೆಲ್, ಮೂವತ್ತೈದು ಕಿಲೋಮೀಟರ್ ಒಳನಾಡಿನ ಸಾವಿರ ಕಂಬದ ಬಸದಿ, ಇವೆಲ್ಲ ಬೇರೆ ಬೇರೆ ‘ಸ್ಪಾಟು’ಗಳೆಂದು ಪಟ್ಟಿ ಹಿಡಿದು ಓಡಾಡಿದರೆ ಕಾಲು ನೋವು ಮಾತ್ರ ಉಳಿಯುತ್ತದೆ. ಬಂದರಿನಿಂದ ಹೊರಟು ಸರಕಿನ ಬೆನ್ನು ಹತ್ತಿ ಹೋದರೆ ಒಂದಕ್ಕೊಂದು ಕೊಂಡಿ ಸಿಗುತ್ತದೆ. ಅದಕ್ಕೆ ಮೂರು ದಿನ ಇಟ್ಟುಕೊಳ್ಳಿ. ಎರಡೇ ದಿನ ಇದ್ದರೆ ಬೀಚನ್ನು ಬಿಡಿ, ಬಸದಿಯನ್ನು ಬಿಡಬೇಡಿ.

ದಕ್ಕೆ ಮತ್ತು ಬಂದರು

ದಕ್ಕೆ ಅಂದರೆ ಮೀನುಗಾರಿಕೆ ಬೋಟುಗಳು ಬಂದು ನಿಲ್ಲುವ ಕಟ್ಟೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ. ಬುಟ್ಟಿ ಬುಟ್ಟಿ ಬೂತಾಯಿ, ಬಂಗುಡೆ ಇಳಿಯುತ್ತಿರುತ್ತವೆ, ಮಗ್ಗುಲಲ್ಲೇ ಏಲಂ ಕೂಗುತ್ತಿರುತ್ತಾರೆ. ಹಳೆಯ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಪ್ಯಾಂಟು ಮಡಚಿಕೊಳ್ಳಿ. ಬುಟ್ಟಿ ಹೊತ್ತವರಿಗೆ ದಾರಿ ಬಿಡುವುದು ಮುಖ್ಯ. ಅವರು ನಿಮಗಾಗಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬಂದರೆ ಸಾಲಾಗಿ ಕಟ್ಟಿ ಹಾಕಿದ ನೂರಾರು ಬೋಟುಗಳ ನಿದ್ದೆಯನ್ನಷ್ಟೇ ನೋಡಬಹುದು.

ಪಕ್ಕದ ಹಳೆ ಬಂದರಿನಲ್ಲಿ ಇನ್ನೂ ಮಂಜಿಗಳು ನಿಲ್ಲುತ್ತವೆ. ಮಂಜಿ ಎಂದರೆ ಸರಕು ಸಾಗಿಸುವ ಮರದ ಹಡಗು. (ಮಾಂಜಿ ಎಂದು ಎಳೆದು ಹೇಳಿದರೆ ಅದು ಮೀನು, ಹೋಟೆಲಿನಲ್ಲಿ ಪಾಂಫ್ರೆಟ್ ಎನ್ನುತ್ತಾರಲ್ಲ, ಅದು.) ಲಕ್ಷದ್ವೀಪಕ್ಕೆ ತರಕಾರಿ, ಅಕ್ಕಿ, ಮನೆ ಕಟ್ಟುವ ಸಾಮಾನು ಇಲ್ಲಿಂದ ಹೋಗುತ್ತದೆ. ದೊಡ್ಡ ಹಡಗುಗಳೆಲ್ಲ 1970ರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಸರಿದ ಮೇಲೂ ಈ ಹಳೆಯ ನಂಟು ಕಡಿದಿಲ್ಲ.

ಬಂದರಿನ ಓಣಿಗಳಲ್ಲಿ ಒಂದು ಗಂಟೆ ಸುಮ್ಮನೆ ನಡೆಯಿರಿ. ಗೋದಾಮುಗಳಿಂದ ಒಣಮೆಣಸು, ಅಡಿಕೆ, ಒಣಮೀನಿನ ವಾಸನೆ ಸರದಿಯಂತೆ ಬರುತ್ತದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಮಂಜರೂರು ಎಂದು ಈ ಊರನ್ನು ಕರೆದು, ಪರ್ಷಿಯಾದ, ಯೆಮನಿನ ವರ್ತಕರು ಇಲ್ಲಿಳಿಯುವುದನ್ನೂ ಮೆಣಸು ಶುಂಠಿಗಳ ಸಮೃದ್ಧಿಯನ್ನೂ ಬರೆದಿಟ್ಟ. ಅವನಿಗೂ ಇನ್ನೂರು ವರ್ಷ ಹಿಂದೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಲ್ಲಿ ನೆಲೆಸಿದ್ದ. ಮೂಲ ಊರು ಇಂದಿನ ಟ್ಯುನೀಷಿಯಾ. 1132ರಲ್ಲಿ ಆತ ಆಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ಅವನ ಕಾಗದಗಳ ಕಟ್ಟು ಎಷ್ಟೋ ಶತಮಾನಗಳ ಬಳಿಕ ಕೈರೋದ ಸಿನಗಾಗಿನಲ್ಲಿ ಸಿಕ್ಕಿತು. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಬೊಮ್ಮ ಎಂಬ ಆಳಿನ ಹೆಸರೂ ಆ ಕಾಗದಗಳಲ್ಲಿದೆ. ಅಮಿತಾವ್ ಘೋಷ್ ಈ ಜಾಡು ಹಿಡಿದು ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಬರೆದರು. ಬೊಮ್ಮನಿಗೆ ಇಲ್ಲಿ ಒಂದು ಕಲ್ಲು ಕೂಡ ನೆಟ್ಟಿಲ್ಲ. ನೆಡಬಹುದಿತ್ತು.

ಬಂದರಿನ ಜೀನತ್ ಬಕ್ಷ್ ಮಸೀದಿಯನ್ನು ಬ್ಯಾರಿ ಮಾತಿನಲ್ಲಿ ಬೆಲಿಯೆ ಪಳ್ಳಿ, ಅಂದರೆ ದೊಡ್ಡ ಪಳ್ಳಿ ಎನ್ನುತ್ತಾರೆ. ಅರಬ್ ವರ್ತಕರ ಕಾಲಕ್ಕೆ, ಏಳನೇ ಶತಮಾನಕ್ಕೆ ಇದರ ಮೂಲ ಹೋಗುತ್ತದೆಂಬುದು ಇಲ್ಲಿನ ನಂಬಿಕೆ. ಒಳಗಿನ ತೇಗದ ಕಂಬಗಳ ಕೆತ್ತನೆಯನ್ನು ನೋಡಲೇಬೇಕು. ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಅನುಮತಿ ಕೇಳಿ. ಶುಕ್ರವಾರ ಮಧ್ಯಾಹ್ನ ಬೇಡ.

ಅಲ್ಲಿಂದ ರಥಬೀದಿಗೆ ಹತ್ತು ನಿಮಿಷದ ದಾರಿ. ವೆಂಕಟರಮಣ ದೇವಸ್ಥಾನದ ಸುತ್ತ ಕೊಂಕಣಿ ಮಾತು, ಮಲ್ಲಿಗೆ ಅಂಗಡಿ. ಮಲ್ಲಿಗೆಯನ್ನು ಇಲ್ಲಿ ಮೊಳದಲ್ಲಿ ಕೇಳಬೇಡಿ, ಚೆಂಡು, ಅಟ್ಟೆಯ ಲೆಕ್ಕ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆ ಸೀಸನ್ನಿನಲ್ಲಿ ಕೇಳಲೂ ಭಯವಾಗುತ್ತದೆ. ಒಂದು ಮೈಲಿಯೊಳಗೆ ಭಾಷೆ ಮೂರು ಸಲ ಬದಲಾಗುವುದನ್ನು ಗಮನಿಸಿದಿರಾ? ಊರಿನ ಹೆಸರೂ ಹಾಗೆಯೇ. ತುಳುವಿನವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಮಂಗಳೂರು ಎಂಬ ಹೆಸರು ಬೋಳಾರದ ಮಂಗಳಾದೇವಿಯಿಂದ ಬಂತು ಎನ್ನುತ್ತಾರೆ.

ಗುಡ್ಡೆ ಹತ್ತುವುದು

ಬಂದರಿನ ಸೆಕೆಯಿಂದ ಪಾರಾಗಲು ಗುಡ್ಡೆ ಹತ್ತುವುದು ಹಳೆಯ ಉಪಾಯ. ಬ್ರಿಟಿಷ್ ಅಧಿಕಾರಿಗಳೂ ಪಾದ್ರಿಗಳೂ ಅದನ್ನೇ ಮಾಡಿದರು. ಹಂಪನಕಟ್ಟೆಯಿಂದ ಮೇಲಕ್ಕೆ ಬಾವುಟಗುಡ್ಡೆ. 1837ರ ಏಪ್ರಿಲ್ 5ರಂದು ಕೊಡಗು, ಸುಳ್ಯ ಕಡೆಯಿಂದ ಬಂದ ರೈತರ ದಂಡು ಮಂಗಳೂರನ್ನು ಹಿಡಿದು, ಈ ಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿ, 13 ದಿನ ಆಳಿತು. ಆಮೇಲೆ ಕಂಪನಿಯ ಪಡೆ ಬಂತು, ಗಲ್ಲುಗಳಾದವು. 1857ಕ್ಕೆ ಇನ್ನೂ 20 ವರ್ಷ ಇತ್ತು. ಈಗ ಅಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ.

ಎದುರಿಗೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಕಾಲೇಜು 1880ರದ್ದು, ಚಾಪೆಲ್ ಕೆಲವೇ ವರ್ಷ ಆಮೇಲಿನದು. ಹೊರಗಿನಿಂದ ನೋಡಿದರೆ ‘ಇಷ್ಟೆಯಾ?’ ಅನಿಸುತ್ತದೆ. ಒಳಗೆ ಕಾಲಿಟ್ಟ ಮೇಲೆ ಕತ್ತು ಇಳಿಯುವುದಿಲ್ಲ. ಬೆರ್ಗಾಮೊ ಕಡೆಯ ಇಟಲಿಯ ಜೆಸ್ವಿಟ್ ಸೋದರ ಆಂಟೋನಿಯೊ ಮೊಸ್ಕೇನಿ, 1899ರಿಂದ ಸುಮಾರು ಎರಡೂವರೆ ವರ್ಷ ಅಟ್ಟಣಿಗೆಯ ಮೇಲೆ ನಿಂತು, ಮಲಗಿ ಈ ಗೋಡೆ, ಚಾವಣಿಗಳನ್ನು ತುಂಬಿಸಿದರು. ಗೋಡೆಯದು ಹಸಿ ಗಾರೆಯ ಮೇಲೆ ಬಳಿದ ಫ್ರೆಸ್ಕೊ. ಚಾವಣಿಯದು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಗಾರೆ ಒಣಗುವ ಮೊದಲು ಬಣ್ಣ ಹಚ್ಚಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಮೆತ್ತಬೇಕು. ಮಂಗಳೂರಿನ ಮಳೆಗಾಲದ ತೇವದಲ್ಲಿ ಅದನ್ನು ಮಾಡುವುದೆಂದರೆ ಏನೆಂದು ಇಲ್ಲಿ ಬಟ್ಟೆ ಒಣಗಿಸಿದವರಿಗೆ ಗೊತ್ತು. ಮೂಲೆಗಳಲ್ಲಿ ಉಬ್ಬಿ ನಿಂತಂತೆ ಕಾಣುವ ಕೆತ್ತನೆಗಳನ್ನು ದಿಟ್ಟಿಸಿ ನೋಡಿ, ಹಲವು ಬರೀ ಬಣ್ಣದ ಮಾಯೆ. ನಾನೊಮ್ಮೆ ಐದು ಮಂದಿಯನ್ನು ಕಟ್ಟಿಕೊಂಡು ಹೋಗಿ, ಒಳಗೆ ಮದುವೆ ನಡೆಯುತ್ತಿದ್ದುದರಿಂದ ಹೊರಗೆ ಮರದ ಕೆಳಗೆ ಒಂದೂವರೆ ಗಂಟೆ ಕೂತಿದ್ದೆ. ವಿಚಾರಿಸದೆ ಹೋದದ್ದು ನನ್ನದೇ ತಪ್ಪು. ಪೂಜೆ, ಮದುವೆಯ ಹೊತ್ತಿನಲ್ಲಿ ನೋಡುಗರಿಗೆ ಪ್ರವೇಶ ಇರುವುದಿಲ್ಲ. ಮೊದಲೇ ಫೋನ್ ಮಾಡಿ.

ಗುಡ್ಡೆಯ ಸಾಲಿನಲ್ಲೇ ಮುಂದೆ ಬಲ್ಮಠ. ಕನ್ನಡ ಓದುವ ಯಾರೇ ಆದರೂ ಇಲ್ಲಿ ಎರಡು ನಿಮಿಷ ನಿಲ್ಲುವುದು ನ್ಯಾಯ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ ಈ ಊರಿನಲ್ಲಿ ಮುದ್ರಣ ಶುರು ಮಾಡಿತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಅದು ಕನ್ನಡದ ಮೊದಲ ಪತ್ರಿಕೆ, ಅದಕ್ಕೇ ನಾವು ಜುಲೈ 1ನ್ನು ಪತ್ರಿಕಾ ದಿನವೆನ್ನುವುದು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ನೋಡಲು ಭಾರೀ ಸ್ಮಾರಕವೇನೂ ಇಲ್ಲ. ದೇವಜ್ಞಾನ ಕಾಲೇಜಿನ ಆವರಣ, ಹಳೆಯ ಮರಗಳು, ಕೆಂಪು ಹಂಚಿನ ಮಾಡು, ಅಷ್ಟೇ.

ಆ ಹಂಚನ್ನೂ ನೋಡಿ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಳೆಯ ದಂಡೆಯ ಜೇಡಿಮಣ್ಣು, ಘಟ್ಟದಿಂದ ಬರುವ ಕಟ್ಟಿಗೆ, ಕದ ತೆರೆದರೆ ಬಂದರು: ಹಂಚಿನ ಉದ್ಯಮಕ್ಕೆ ಇನ್ನೇನು ಬೇಕು? ನೋಡನೋಡುತ್ತ ಊರವರೂ ಕಾರ್ಖಾನೆ ತೆರೆದರು, ಮಂಗಳೂರು ಹಂಚು ಹಡಗು ಹತ್ತಿ ಆಫ್ರಿಕಾದವರೆಗೆ ಹೋಯಿತು. ಹಳೆ ಮನೆ ಕೆಡವಿದ ಕಡೆ ರಾಶಿ ಬಿದ್ದ ಹಂಚು ಕಂಡರೆ ಒಂದನ್ನು ತಿರುವಿ ಹಾಕಿ, ಬೆನ್ನಲ್ಲಿ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಈಗ ಹೊಗೆಗೂಡುಗಳು ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟುಗಳಾಗಿವೆ, ಅವುಗಳ ತಾರಸಿಗೆ ತಗಡಿನ ಶೀಟು.

ಚರ್ಚುಗಳಲ್ಲಿ ರೊಸಾರಿಯೊ 1568ರಲ್ಲಿ, ಮಿಲಾಗ್ರಿಸ್ 1680ರಲ್ಲಿ ಸ್ಥಾಪನೆಯಾದವು. ಈಗ ಕಾಣುವ ಕಟ್ಟಡಗಳು ಬಹಳ ಆಮೇಲಿನವು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಮಿಲಾಗ್ರಿಸ್ ನೆಲಸಮವಾಗಿತ್ತು. ಎರಡನೇ ಆಂಗ್ಲೋ-ಮೈಸೂರು ಯುದ್ಧ ಮುಗಿಸಿದ ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ವರ್ಷದ ಮಾರ್ಚ್ 11ರಂದು.

ಕದ್ರಿ, ಆಮೇಲೆ ದೋಣಿ

ನಗರದೊಳಗೆ ಒಂದೇ ಒಂದು ದೇವಸ್ಥಾನ ನೋಡಲು ಪುರುಸೊತ್ತು ಇದ್ದರೆ ಕದ್ರಿ ಮಂಜುನಾಥ. ಭಕ್ತಿ ಇದ್ದವರಿಗೆ ಕಾರಣ ಹೇಳಬೇಕಿಲ್ಲ. ಇಲ್ಲದವರಿಗೂ ಇಲ್ಲಿ ಒಂದು ಕಂಚಿನ ಕಾರಣ ಇದೆ. ಮೂರು ಮುಖ, ಆರು ಕೈಗಳ ಲೋಕೇಶ್ವರ, ಕುಳಿತ ಭಂಗಿಯಲ್ಲೇ ಐದಡಿಯ ಹತ್ತಿರ ಎತ್ತರ. ಪೀಠದ ಶಾಸನದ ಪ್ರಕಾರ ಆಳುಪ ಅರಸ ಕುಂದವರ್ಮ 968ರಲ್ಲಿ ‘ಕದಿರಿಕಾ ವಿಹಾರ’ದಲ್ಲಿ ಇದನ್ನು ಸ್ಥಾಪಿಸಿದ. ವಿಹಾರ ಎಂಬ ಮಾತು, ಕಿರೀಟದಲ್ಲಿ ಧ್ಯಾನಿಬುದ್ಧ: ಬೌದ್ಧರ ಅವಲೋಕಿತೇಶ್ವರ ಇವನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಈಗ ಶಿವಾಲಯದಲ್ಲಿ ದಿನವೂ ಪೂಜೆ ಪಡೆಯುತ್ತಾನೆ. ಗುಡ್ಡೆಯ ಮೇಲೆ ನಾಥಪಂಥದ ಜೋಗಿ ಮಠ ಬೇರೆ; 12 ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ನಾಥ ಸಾಧುಗಳ ಝುಂಡಿ ಕಾಲ್ನಡಿಗೆಯಲ್ಲಿ ಬಂದು ಇಲ್ಲಿಗೆ ಹೊಸ ಅರಸನನ್ನು, ಅಂದರೆ ಮಠಾಧಿಪತಿಯನ್ನು, ಕೂರಿಸಿ ಹೋಗುತ್ತದೆ. ಬೌದ್ಧ, ನಾಥ, ಶೈವ ಒಂದರ ಮೇಲೊಂದು ಪದರ ಕಟ್ಟಿದ ಜಾಗ ಇದು. ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತಿ ಕೆರೆಗಳನ್ನು ನೋಡಿಯೇ ಇಳಿಯಿರಿ. ಗಂಡಸರು ಅಂಗಿ ಬಿಚ್ಚಬೇಕಾದೀತು, ಒಳಗೆ ಕ್ಯಾಮೆರಾ ತೆಗೆಯಬೇಡಿ.

ಬಿಜೈ ಬಸ್ ನಿಲ್ದಾಣದ ಬಳಿಯ ಶ್ರೀಮಂತಿಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ ಹಡಗಿನ ಆಕಾರದ ಮನೆ. ಒಳಗಿನ ಸಂಗ್ರಹಕ್ಕಿಂತ ಮನೆಯೇ ಸೊಗಸು ಎಂಬುದು ನನ್ನ ಅಭಿಪ್ರಾಯ.

ಕುದ್ರೋಳಿಯ ಗೋಕರ್ಣನಾಥೇಶ್ವರ ಕ್ಷೇತ್ರದ ಗೋಪುರ ಹೊಸದು, ಬಣ್ಣ ಕಣ್ಣು ಕುಕ್ಕುತ್ತದೆ. ಆದರೆ ಮೂಲ ದೊಡ್ಡದು. ದೇವಸ್ಥಾನದೊಳಗೆ ಬಿಡದಿದ್ದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಲಿಂಗ ಪ್ರತಿಷ್ಠೆ ಮಾಡಿದರು. 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದ್ದೂ ಇದೇ ಕ್ಷೇತ್ರ. ನವರಾತ್ರಿಯಲ್ಲಿ ಬಂದರೆ ಮಂಗಳೂರು ದಸರಾ ಇಲ್ಲಿಂದಲೇ ಹೊರಡುತ್ತದೆ, ಬೀದಿಬೀದಿಯಲ್ಲಿ ಪಿಲಿವೇಷದ (ಹುಲಿವೇಷದ) ತಾಸೆ ಪೆಟ್ಟು. ಆ ಹತ್ತು ದಿನ ಕೋಣೆ ಸಿಗುವುದು ಕಷ್ಟ, ಮೊದಲೇ ನೋಡಿಕೊಳ್ಳಿ.

ಸಂಜೆ ನಾಲ್ಕಕ್ಕೆ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಹೊಳೆಯೊಳಗೆ ಶತ್ರು ಹಡಗು ನುಗ್ಗದಂತೆ ತೋಪು ಇಡಲು ಮಾಡಿದ್ದು. ಕೋಟೆ ಎಂದು ನಿರೀಕ್ಷಿಸಿ ಹೋದವರಿಗೆ ನಿರಾಸೆ, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಆದರೆ ಮೇಲೆ ನಿಂತು ಕಿಂಡಿಯಿಂದ ಇಣುಕಿ ನೋಡಿ: ಹೊಳೆ, ಅದರಾಚೆ ತಣ್ಣೀರುಬಾವಿಯ ತೆಂಗು, ಅದರಾಚೆ ಕಡಲು. ಮೊದಲೇ ಹೇಳಿದ ಊರಿನ ನಕ್ಷೆ ಇಲ್ಲಿ ಕಣ್ಣಿಗೆ ಬೀಳುತ್ತದೆ. ಕೆಳಗಿನ ಕಡವಿನಿಂದ ದೋಣಿ ಹತ್ತಿದರೆ ಐದೇ ನಿಮಿಷಕ್ಕೆ ಆಚೆ ದಡ, ಅಲ್ಲಿಂದ ಸ್ವಲ್ಪ ನಡೆದರೆ ತಣ್ಣೀರುಬಾವಿ ಬೀಚು. ಕೊನೆಯ ದೋಣಿ ಎಷ್ಟಕ್ಕೆ ಎಂದು ಹೋಗುವಾಗಲೇ ಕೇಳಿಕೊಳ್ಳಿ. ಸೂರ್ಯಾಸ್ತದ ಮೋಹಕ್ಕೆ ಕೂತು ದೋಣಿ ತಪ್ಪಿದರೆ ಪಣಂಬೂರು, ಕೂಳೂರು ಸುತ್ತಿಕೊಂಡು ಬರಬೇಕು. ರಿಕ್ಷಾದವರಿಗೆ ಮಾತ್ರ ಲಾಭ. ಮಳೆಗಾಲದಲ್ಲಿ ದೋಣಿಯನ್ನು ನೆಚ್ಚಿಕೊಳ್ಳಬೇಡಿ.

ಉಳ್ಳಾಲದಿಂದ ಮೂಡುಬಿದಿರೆಗೆ

ಎರಡನೇ ದಿನ ಬೆಳಿಗ್ಗೆ ನೇತ್ರಾವತಿ ಸೇತುವೆ ದಾಟಿ ಉಳ್ಳಾಲ. 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಕಾದಾಡಿದ ರಾಣಿ ಅಬ್ಬಕ್ಕ ಚೌಟರ ಊರು. ಚೌಟರು ಜೈನರು, ತಾಯಿಯ ಕಡೆಯಿಂದ ಹಕ್ಕು ಸಾಗುವ ಅಳಿಯಕಟ್ಟಿನವರು. ಆದ್ದರಿಂದಲೇ ಪಟ್ಟ ಹೆಣ್ಣುಮಕ್ಕಳಿಗೆ ಬಂತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡಾಗ, ಆಕೆ ಬರಿಗಾಲಿನಲ್ಲಿ ನಡೆದು ನೀರಾವರಿಯ ತೋಡಿನ ಕೆಲಸ ನೋಡಲು ಬಂದಿದ್ದಳಂತೆ. ಅಕ್ಕಿ ಬೆಳೆಯುವ ಸೀಮೆಯ ರಾಣಿಗೆ ಸಿಂಹಾಸನಕ್ಕಿಂತ ತೋಡು ಮುಖ್ಯ. ಉಳ್ಳಾಲದಲ್ಲಿ ಅಬ್ಬಕ್ಕನ ಕಾಲದ್ದೆಂದು ಬೆರಳಿಟ್ಟು ತೋರಿಸುವಂಥದ್ದು ಹೆಚ್ಚಿಲ್ಲ. ಕಡಲ ಬದಿಯ ಬಂಡೆಯ ಮೇಲಿನ ಸೋಮೇಶ್ವರ ದೇವಸ್ಥಾನಕ್ಕೂ ಸಯ್ಯದ್ ಮದನಿ ದರ್ಗಾಕ್ಕೂ ಹೋಗಿ ಬನ್ನಿ. ಸೋಮೇಶ್ವರದ ರುದ್ರಪಾದೆಯ ಮೇಲೆ ಸೆಲ್ಫಿಗೆಂದು ಹತ್ತಬೇಡಿ, ನೀರಿಗೆ ಇಳಿಯಲೇಬೇಡಿ. ಅಲೆ ಯಾವಾಗ ಮೇಲೇರುತ್ತದೆಂದು ಅಲ್ಲಿ ಹುಟ್ಟಿ ಬೆಳೆದವರೂ ಹೇಳಲಾರರು. ಪ್ರತಿವರ್ಷ ಹೊರಗಿನಿಂದ ಬಂದ ಯಾರೋ ಒಬ್ಬರ ಹೆಸರು ಪತ್ರಿಕೆಯಲ್ಲಿ ಬರುತ್ತದೆ.

ಇದೇ ಚೌಟರು ಮುಂದೆ ಒಳನಾಡಿಗೆ ಸರಿದು ಮೂಡುಬಿದಿರೆಯಲ್ಲಿ ನೆಲೆ ನಿಂತರು. ಮೂರನೇ ದಿನ ನೀವೂ ಅವರ ಹಿಂದೆ ಹೋಗಿ. ಸ್ಟೇಟ್‌ಬ್ಯಾಂಕಿನಿಂದ ಮೂಡುಬಿದಿರೆ, ಕಾರ್ಕಳದ ಖಾಸಗಿ ಬಸ್ಸುಗಳು ಬೆಳಿಗ್ಗೆಯಿಂದ ಒಂದರ ಹಿಂದೊಂದು ಇರುತ್ತವೆ. ಮೂಡುಬಿದಿರೆಗೆ ಒಂದೂ ಕಾಲು ಗಂಟೆ ಹಿಡಿಯಬಹುದು.

ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಎಲ್ಲವನ್ನೂ ನೋಡುವ ಸಂಕಲ್ಪ ಬೇಡ, ಸಾವಿರ ಕಂಬದ ಬಸದಿಗೆ ಎರಡು ಗಂಟೆ ಕೊಡಿ. ತ್ರಿಭುವನ ತಿಲಕ ಚೂಡಾಮಣಿ ಇದರ ಪೂರ್ತಿ ಹೆಸರು, ಕಟ್ಟಿದ್ದು 1430ರಲ್ಲಿ. ಮೂರು ಅಂತಸ್ತಿನ ಇಳಿಜಾರು ಮಾಡು ನೋಡಿ ಫರ್ಗುಸನ್ ಎಂಬ ಸ್ಕಾಟಿಷ್ ವಿದ್ವಾಂಸನಿಗೆ ನೇಪಾಳದ ಗುಡಿಗಳ ನೆನಪಾಯಿತು. ನಮಗೆ ನೆನಪಾಗುವುದು ನಮ್ಮದೇ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವ ಸೀಮೆಯಲ್ಲಿ ಕಲ್ಲಿನ ಗುಡಿಗೂ ಮನೆಯಂತೆ ಮಾಡು ಬೇಕು. ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. ನನ್ನ ಭಾವನ ಮಗಳು ಒಮ್ಮೆ ಪಂಥ ಕಟ್ಟಿ ಜೋಡಿ ಹುಡುಕಲು ಹೊರಟು ನಲವತ್ತನೇ ಕಂಬಕ್ಕೆ ಸೋತಳು.

ಕಂಬ ನೋಡಿ ದಣಿದ ಮೇಲೆ ಎದುರಿನ ಭೈರಾದೇವಿ ಮಂಟಪದ ತಳಗಟ್ಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಅಲ್ಲಿನ ಸಣ್ಣ ಉಬ್ಬುಚಿತ್ರಗಳ ಸಾಲಿನಲ್ಲಿ ಒಂದು ಜಿರಾಫೆ ಇದೆ. ಚೀನಾದವರ ಡ್ರ್ಯಾಗನ್ ಕೂಡ ಇದೆ. 15ನೇ ಶತಮಾನದ ತುಳುನಾಡಿನ ಕಲ್ಲುಕುಟಿಗನಿಗೆ ಜಿರಾಫೆ ಎಲ್ಲಿ ಕಂಡಿತು? ಪ್ರಾಣಿಯನ್ನೇ ಕಂಡನೋ, ಬಟ್ಟೆಯ ಮೇಲಿನ ಚಿತ್ರ ಕಂಡನೋ, ಹಡಗಿನವರ ಬಾಯಿಮಾತು ಕೇಳಿದನೋ. ಹೇಗಾದರೂ ಅದು ಬಂದದ್ದು ನಾವು ಮೊದಲ ದಿನ ಕಾಲಿಟ್ಟ ಅಳಿವೆಯಂಥ ಬಾಗಿಲಿನಿಂದಲೇ. ಈ ಬಸದಿಗೆ ಹಣ ಸುರಿದವರಲ್ಲಿ ಜೈನ ಶೆಟ್ಟರು, ವರ್ತಕರು ಬಹಳ ಮಂದಿ. ಘಟ್ಟದ ಮೆಣಸು ಕೆಳಗಿಳಿದು, ಹಡಗು ಹತ್ತಿ, ಚಿನ್ನವಾಗಿ ಮರಳಿ ಇಲ್ಲಿ ಕಲ್ಲಾಗಿ ನಿಂತಿದೆ.

ಸಮೀಪದ ಗುರು ಬಸದಿಯ ಹೆಸರು ಧವಲ, ಜಯಧವಲ, ಮಹಾಧವಲ ತಾಳೆಗರಿ ಗ್ರಂಥಗಳೊಡನೆ ಸೇರಿಹೋಗಿದೆ. ದಿಗಂಬರ ಜೈನರಿಗೆ ಅವು ಪರಮ ಪವಿತ್ರ, ಶತಮಾನಗಳ ಕಾಲ ಇಲ್ಲಿ ಕಾಪಾಡಿದ್ದರು. ಚೌಟರ ಅರಮನೆಯಲ್ಲಿ ಮರದ ಕಂಬಗಳನ್ನು ನೋಡಬೇಕು: ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ. ಮನೆತನದವರು ಈಗಲೂ ವಾಸವಿರುವ ಮನೆ ಅದು. ಅಂಗಳದಲ್ಲಿ ನಿಂತು ‘ನೋಡಬಹುದಾ?’ ಎಂದು ಕೇಳಿ, ನೋಡಿ, ನಮಸ್ಕಾರ ಹೇಳಿ ಬನ್ನಿ.

ಕಾರ್ಕಳ ಅಲ್ಲಿಂದ ಸುಮಾರು 18 ಕಿಲೋಮೀಟರ್. ವೀರಪಾಂಡ್ಯ ಭೈರವ ಅರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ ಬೋಳು ಬಂಡೆಯ ಮೇಲಿದ್ದಾನೆ. ಮಧ್ಯಾಹ್ನ ಹೋಗಬೇಡಿ, ಚಪ್ಪಲಿ ಬಿಟ್ಟ ಮೇಲೆ ಬಂಡೆ ಕಾವಲಿಯಾಗುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳುವುದು ನನ್ನ ಅನುಭವದ ಸಲಹೆ. ಎದುರಿನ ಸಣ್ಣ ಗುಡ್ಡೆಯಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಅಚ್ಚಿನ ಬಾಗಿಲು, ಪ್ರತಿ ಬಾಗಿಲಿನಾಚೆ ಅರ, ಮಲ್ಲಿ, ಮುನಿಸುವ್ರತ ಮೂವರು ತೀರ್ಥಂಕರರು. ಒಂದು ಸುತ್ತು ಬಂದ ಮೇಲೆ ಯಾವ ಬಾಗಿಲಿನಿಂದ ಒಳಹೊಕ್ಕೆವೆಂಬುದೇ ಮರೆತುಹೋಗುತ್ತದೆ. ಅದರ ಜಗಲಿಯಿಂದ ಕಾಣುವ ಗೊಮ್ಮಟನ ನೋಟ ಗೊಮ್ಮಟನ ಬುಡದ ನೋಟಕ್ಕಿಂತ ಚೆಂದ. ಸ್ವಂತ ವಾಹನ ಇದ್ದವರು ವೇಣೂರಿಗೂ ಹೋಗಿ 1604ರ 35 ಅಡಿಯ ಗೊಮ್ಮಟನನ್ನು ನೋಡಿಕೊಂಡು ಬರಬಹುದು. ಕಾರ್ಕಳದಲ್ಲಿ ಕಳೆದ ಮಹಾಮಸ್ತಕಾಭಿಷೇಕ ನಡೆದದ್ದು 2015ರಲ್ಲಿ. 12 ವರ್ಷದ ಲೆಕ್ಕ ಹಾಕಿಕೊಂಡು ಯೋಜನೆ ಮಾಡಿ.

ಹೊಟ್ಟೆ, ಬಸ್ಸು, ಮಳೆ

ಬೆಳಿಗ್ಗೆ ನೀರುದೋಸೆ ಅಥವಾ ಬನ್ಸ್. ಬನ್ಸ್ ಎಂದರೆ ಬೇಕರಿಯದ್ದಲ್ಲ, ಬಾಳೆಹಣ್ಣು ಹಾಕಿ ಕಲಸಿ ಕರಿದ ಉಬ್ಬು ಪೂರಿ. ಸಂಜೆ ಗೋಳಿಬಜೆ, ಘಟ್ಟದ ಮೇಲೆ ಇದನ್ನೇ ಮಂಗಳೂರು ಬಜ್ಜಿ ಎನ್ನುವುದು. ಮಳೆಗಾಲವಾದರೆ ಕೆಸುವಿನೆಲೆಯ ಪತ್ರೊಡೆ ಸಿಗುತ್ತದೋ ವಿಚಾರಿಸಿ. ಮೀನೂಟ ಮಾಡುವವರು ಒಂದು ಗಂಟೆಯೊಳಗೆ ಹೋಟೆಲು ಸೇರಬೇಕು, ಎರಡೂವರೆಗೆ ಹೋದರೆ ಸಾರು ಇರುತ್ತದೆ, ಒಳ್ಳೆಯ ತುಂಡು ಇರುವುದಿಲ್ಲ. ಬಂಗುಡೆ ಪುಳಿಮುಂಚಿಗೆ ಕುಚ್ಚಲಕ್ಕಿ ಅನ್ನವೇ ಸರಿ. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಕೇಳಿ ತಿಂದರೆ ಅರ್ಧ ರುಚಿ ಹೋಯಿತು. ಕೋರಿ ರೊಟ್ಟಿಯ ಗರಿ ರೊಟ್ಟಿಯನ್ನು ಮುರಿದು ಹಾಕಿ ಗಸಿ ಹೊಯ್ದು, ನೆನೆದು ಮೆತ್ತಗಾಗುವ ಮೊದಲೇ ತಿನ್ನಬೇಕು. ಆಮೇಲೆ ಉದ್ದ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮು, ಇಬ್ಬರಿಗೆ ಒಂದು ಸಾಕು.

ಊರೊಳಗೆ ಸಿಟಿ ಬಸ್ಸೇ ಒಳ್ಳೆಯದು. ಕಂಡಕ್ಟರ್ ‘ದುಂಬು ಪೋಲೆ’ ಎಂದರೆ ಮುಂದೆ ಹೋಗಿ, ‘ಪಿರ ಪೋಲೆ’ ಎಂದರೆ ಹಿಂದೆ ಹೋಗಿ ಎಂದರ್ಥ. ಎರಡನ್ನೂ ಒಟ್ಟಿಗೆ ಹೇಳಿದರೆ ಬಸ್ಸು ತುಂಬಿದೆ ಎಂದು ತಿಳಿಯಿರಿ. ಡ್ರೈವರಿನ ವೇಗಕ್ಕೆ ಕಂಬ ಹಿಡಿದುಕೊಳ್ಳುವುದೊಂದೇ ಔಷಧ. ಆಟೊ ಎನ್ನದೆ ರಿಕ್ಷಾ ಎನ್ನಿ, ಮೀಟರ್ ಹಾಕಿಸಿ.

ಬೆಂಗಳೂರಿನಿಂದ ಬರುವವರು ಸಾಧ್ಯವಾದರೆ ಒಂದು ಕಡೆಯಾದರೂ ಹಗಲು ರೈಲಿನಲ್ಲಿ ಬನ್ನಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ, ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗೆ ಬೇಡಿಕೆ ಹೆಚ್ಚು. ಯಾವ ರೈಲು ಯಾವ ದಿನ ಎಂಬುದು ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಇಳಿಯುವುದು ಸೆಂಟ್ರಲ್ಲೋ ಜಂಕ್ಷನ್ನೋ ಎಂಬುದನ್ನೂ ಗಮನಿಸಿ. ಎರಡರ ನಡುವೆ ಐದಾರು ಕಿಲೋಮೀಟರ್ ಅಂತರ. ಜೂನ್‌ನಿಂದ ಆಗಸ್ಟ್‌ವರೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದಾಗುವುದು ಹೊಸತಲ್ಲ, ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಡಿ.

ಬರಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳ ಬೆವರನ್ನು ಶತ್ರುವಿಗೂ ಹಾರೈಸಲಾರೆ. ನವೆಂಬರ್ ಆಯಿತೆಂದರೆ ಕಂಬಳ, ಕೋಲ, ನೇಮ, ಯಕ್ಷಗಾನ ಒಂದೊಂದಾಗಿ ಶುರುವಾಗುತ್ತವೆ. ಕೋಲ, ಯಕ್ಷಗಾನಗಳು ಮೇ ಕೊನೆಯ ಪತ್ತನಾಜೆಯವರೆಗೆ ನಡೆಯುತ್ತವೆ. ಕೋಲ, ನೇಮಗಳಿಗೆ ಹೋದರೆ ಅದು ಪ್ರದರ್ಶನವಲ್ಲ, ಆರಾಧನೆ ಎಂಬುದು ನೆನಪಿರಲಿ. ಮೊಬೈಲ್ ಕಿಸೆಯಲ್ಲಿಡಿ, ಮನೆಯವರು ಕೂರಿಸಿದಲ್ಲಿ ಕೂರಿ.

ಯಕ್ಷಗಾನವನ್ನು ಇಲ್ಲಿ ‘ಆಟ’ ಎನ್ನುತ್ತಾರೆ. ಟಿಕೆಟ್ಟಿನ ನಾಟಕಶಾಲೆ ಹುಡುಕಬೇಡಿ. ಕಟೀಲು, ಧರ್ಮಸ್ಥಳ ಮೇಳಗಳಿಗೆ ಹರಕೆ ಹೊತ್ತವರು ತಮ್ಮ ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ ಆಡಿಸುತ್ತಾರೆ, ಯಾರು ಬೇಕಾದರೂ ಕೂತು ನೋಡಬಹುದು. ಎಲ್ಲಿ ಯಾವ ಮೇಳದ ಆಟ ಎಂಬುದು ಇಲ್ಲಿನ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತದೆ; ಇಲ್ಲವೇ ರಿಕ್ಷಾದವರನ್ನು ‘ಇವತ್ತು ಆಟ ಎಲ್ಲಿ ಮಾರಾಯ್ರೆ?’ ಎಂದು ಕೇಳಿ. ಒಂದು ಶಾಲು ಒಯ್ಯಿರಿ, ನಡುರಾತ್ರಿ ಮಂಜು ಬೀಳುತ್ತದೆ. ಹರಕೆಯವರ ಮನೆಯಲ್ಲಿ ‘ಊಟ ಆಯಿತಾ?’ ಎಂದು ಕೇಳಿದರೆ ಸಂಕೋಚ ಪಡದೆ ಎಲೆಯ ಮುಂದೆ ಕೂತುಬಿಡಿ.